ಹಲಗೆ ಕೈಬಿಟ್ಟ ಮೇಲೆ

ಈ ವಾರ ನಮ್ಮ ಮನೆಯ ಕಿಟಕಿ ಸರಳಿಗೆ ಒಂದು ಕೋಲು ಕಟ್ಟಿಕೊಂಡಿದೆ. ನೆಲ ಒರೆಸುವ ಕೋಲಿನ ಹಳೆಯ ಹಿಡಿ. ಅದರ ಎರಡು ತುದಿಗೂ ನೈಲಾನ್ ಹಗ್ಗ ಬಿಗಿದು, ಹಗ್ಗವನ್ನು ಸರಳಿಗೆ ಗಂಟು ಹಾಕಿದ್ದಾಳೆ ನಮ್ಮ ಅಕ್ಕನ ಮಗಳು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿ ಸ್ವಲ್ಪ ಬಗ್ಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಒಮ್ಮೆ ಬಲಗೈ ಎಳೆಯುತ್ತಾಳೆ, ಒಮ್ಮೆ ಎಡಗೈ. ಆಮೇಲೆ ಎರಡೂ ಕೈಯನ್ನು ನಿಧಾನವಾಗಿ ಮುಂದಕ್ಕೆ ಚಾಚಿ ಕೋಲನ್ನು ತನ್ನಿಂದ ದೂರ ಕಳಿಸುತ್ತಾಳೆ. ಹೆಚ್ಚು ಸಲ ಮಾಡುವುದು ಈ ಕೊನೆಯದನ್ನೇ.

ಅವಳು ಕಲಿಯುತ್ತಿರುವುದು ಕೈಟ್‌ಬೋರ್ಡಿಂಗ್. ಕಾಲಿಗೆ ಹಲಗೆ, ಸೊಂಟಕ್ಕೆ ಅಗಲವಾದ ಪಟ್ಟಿ, ಪಟ್ಟಿಗೆ ಸಿಕ್ಕಿಸಿದ ದಾರಗಳ ತುದಿಯಲ್ಲಿ ಆಕಾಶದಲ್ಲೊಂದು ಪಟ. ಆಷಾಢದಲ್ಲಿ ನಮ್ಮ ಮಕ್ಕಳು ಹಾರಿಸುವ ಪಟವಲ್ಲ. 9 ಚದರ ಮೀಟರ್, 12 ಚದರ ಮೀಟರ್ ಬಟ್ಟೆ, 20ರಿಂದ 25 ಮೀಟರ್ ಉದ್ದದ ದಾರ. ಗಾಳಿ ಪಟವನ್ನು ಎಳೆಯುತ್ತದೆ, ಪಟ ಮನುಷ್ಯರನ್ನು ಎಳೆಯುತ್ತದೆ, ಹಲಗೆ ನೀರಿನ ಮೇಲೆ ಜಾರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ ಸ್ಪರ್ಧೆಯಾಗಿ ಬಂತು. ನಡೆದದ್ದು ಮಾರ್ಸೇ ಊರಿನ ಕಡಲಲ್ಲಿ. ಸಿಂಗಪುರದ ಮ್ಯಾಕ್ಸ್ ಮೇಡರ್ ಎಂಬ 17 ವರ್ಷದ ಹುಡುಗ ಅಲ್ಲಿ ಕಂಚು ಗೆದ್ದ. ಅದನ್ನು ಫೋನಿನಲ್ಲಿ ನೋಡಿದ ದಿನದಿಂದ ಇವಳಿಗೆ ಈ ಹಂಬಲ.

ದಾರಗಳೆಲ್ಲ ಬಂದು ಸೇರುವ ಹಿಡಿಗೆ ಈ ಆಟದವರು ಬಾರ್ ಅನ್ನುತ್ತಾರೆ. ಬಾರನ್ನು ಮೈಯ ಕಡೆಗೆ ಎಳೆದುಕೊಂಡರೆ ಪಟದ ಬಲ ಏರುತ್ತದೆ, ದೂರ ಬಿಟ್ಟರೆ ಇಳಿಯುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಹೆದರಿದ ಕೈ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ಎದೆಗೆ ಎಳೆದುಕೊಳ್ಳುತ್ತದೆ. ಆಗ ಪಟ ಇನ್ನೂ ಜೋರಾಗಿ ಎಳೆಯುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ, ಕೈ ಇನ್ನೂ ಬಿಗಿಯುತ್ತದೆ. ತಲೆಗೆ ಗೊತ್ತಿರುವುದನ್ನು ಕೈಗೂ ಗೊತ್ತು ಮಾಡಿಸಬೇಕು. ಕಿಟಕಿಯ ಕೋಲು ಇರುವುದು ಅದಕ್ಕೆ.

ಹೋದ ಗಾಳಿಗಾಲದಲ್ಲಿ ಅವಳ ಜೊತೆ ನಾನೂ ರಾಮೇಶ್ವರಕ್ಕೆ ಹೋಗಿದ್ದೆ. ನನಗೆ ದರ್ಶನ, ಅವಳಿಗೆ ಗಾಳಿ. ಆ ದ್ವೀಪದ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಖಾರಿ. ಬೇಸಿಗೆಯಿಂದ ಮಳೆಗಾಲದವರೆಗೆ ನೈಋತ್ಯದ ಗಾಳಿ, ಚಳಿಗಾಲಕ್ಕೆ ಈಶಾನ್ಯದ ಗಾಳಿ. ಕೆಲವು ಕಡೆ ಎಷ್ಟು ದೂರ ನಡೆದರೂ ನೀರು ಸೊಂಟ ಮೀರುವುದಿಲ್ಲ, ಅಲೆಯೂ ಏಳುವುದಿಲ್ಲ. ಹೊಸಬರು ಬೆಂಗಳೂರಿನಿಂದ ಅಲ್ಲಿಗೆ ಹುಡುಕಿಕೊಂಡು ಹೋಗುವುದು ಈ ಕಾರಣಕ್ಕೆ. ನಾನು ಬೆಳಿಗ್ಗೆ ದೇವಸ್ಥಾನದಲ್ಲಿ 22 ತೀರ್ಥಗಳ ನೀರು ಹೊಯ್ಯಿಸಿಕೊಂಡು ಬಂದು, ಮಧ್ಯಾಹ್ನದ ಮೇಲೆ ಮರಳ ಮೇಲೆ ಕುಳಿತು ಅವಳನ್ನು ನೋಡುತ್ತಿದ್ದೆ.

ಹಲಗೆಯ ಮೇಲೆ ನಿಲ್ಲುವ ಮೊದಲ ಪಾಠ ವಿಚಿತ್ರವಾದದ್ದು. ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತಂತೆ ತೇಲಬೇಕು, ಹಲಗೆ ಪಾದಕ್ಕೆ ಸಿಕ್ಕಿಸಿರಬೇಕು, ಪಟ ನೆತ್ತಿಯ ಮೇಲಿರಬೇಕು. ಪಟವನ್ನು ಒಂದು ಪಕ್ಕಕ್ಕೆ ಸರ್ರನೆ ಇಳಿಸಿದಾಗ ಎಳೆತ ಹುಟ್ಟುತ್ತದೆ. ನಾವಾಗಿ ಏಳಬಾರದು; ಪಟ ಎಬ್ಬಿಸಬೇಕು, ನಾವು ಒಪ್ಪಿಕೊಳ್ಳಬೇಕು. ಇವಳು ಒಂದು ಸಲ ಬಲ ಸಾಲದೆ ಹಿಂದಕ್ಕೆ ಮುಳುಗುವಳು, ಇನ್ನೊಂದು ಸಲ ಬಲ ಹೆಚ್ಚಾಗಿ ಮುಖ ಅಡಿಯಾಗಿ ಮುಂದಕ್ಕೆ ಬೀಳುವಳು. ಬಿದ್ದಾಗ ಪಾದದಿಂದ ಹಲಗೆ ಕಳಚಿಕೊಳ್ಳುತ್ತಿತ್ತು. ಹಲಗೆಯನ್ನು ಕಾಲಿಗೆ ಹಗ್ಗದಿಂದ ಕಟ್ಟುವುದನ್ನು ಕಲಿಸುವವರು ಬೇಡ ಅನ್ನುತ್ತಾರೆ. ಹಗ್ಗ ಜಗ್ಗಿದರೆ ಅದು ಚಿಮ್ಮಿ ಬಂದು ತಲೆಗೆ ಬಡಿಯಬಹುದು. ಗಾಳಿ ಇವಳನ್ನು ಮುಂದೆ ಒಯ್ಯುತ್ತಿತ್ತು, ಹಲಗೆ ಹಿಂದೆ ಉಳಿಯುತ್ತಿತ್ತು. ಇವಳು ತಿರುಗಿ ದಡದ ಕಡೆ ನೋಡುವಳು. ಕಲಿಸುವ ಹುಡುಗ ನೀರಿಗಿಳಿದು ಹಲಗೆ ತಂದುಕೊಡುವನು.

ಸಂಜೆ ಉಪ್ಪು ಮೆತ್ತಿದ ಕೂದಲು ಬಿಚ್ಚುತ್ತ ಹೇಳಿದಳು: “ನನ್ ಜೊತೆ ಶುರು ಮಾಡಿದವರೆಲ್ಲ ನಿಂತಾಯ್ತು ಚಿಕ್ಕಮ್ಮ. ನಂಗಿದು ಆಗೋದಲ್ಲ ಅನ್ಸುತ್ತೆ.”

“ನಾಳೆ ನೋಡೋಣ ಬಿಡೆ, ಮೊದಲು ಊಟ ಮಾಡು” ಅಂದೆ.

ಕಲಿಸುವ ಹುಡುಗ ಅಲ್ಲಿಯ ಮೀನುಗಾರರ ಮನೆಯವನು, ಮಾತು ಕಡಿಮೆ. ಮರುದಿನ ಅವನು ಇವಳ ಕಾಲಿಗೆ ಹಲಗೆ ಕೊಡಲೇ ಇಲ್ಲ. ಗಾಳಿ ಬರುವ ದಿಕ್ಕಿಗೆ ಅದನ್ನು ದೂರ ತೇಲಿಬಿಟ್ಟು, ಹೋಗಿ ತಗೊಂಡು ಬನ್ನಿ ಎಂದು ಕೈ ತೋರಿಸಿದ. ಹಲಗೆಯಿಲ್ಲದೆ, ಪಟದ ಎಳೆತಕ್ಕೆ ನೀರಲ್ಲಿ ಸಾಗುವ ಪಾಠ ಅದು. ಹಲಗೆ ಮುಟ್ಟುವ ಮೊದಲೇ ಎಲ್ಲರಿಗೂ ಹೇಳಿಕೊಡುತ್ತಾರೆ, ಎಲ್ಲರೂ ಬೇಗ ಮುಗಿಸಿ ಹಲಗೆಗೆ ಓಡುತ್ತಾರೆ. ಮುಗಿಸಿದ ಪಾಠಕ್ಕೆ ಮತ್ತೆ ಕಳಿಸಿದನಲ್ಲ ಎಂದು ಇವಳ ಮುಖ ಸಣ್ಣದಾಯಿತು. ಆದರೂ ಇಳಿದಳು.

ಒಂದು ಕೈ ಬಾರಿನ ಮೇಲೆ. ಪಟ ನೆತ್ತಿಯಿಂದ ಒಂದು ಪಕ್ಕಕ್ಕೆ ವಾಲಿದೆ. ಇನ್ನೊಂದು ಕೈ ನೀರೊಳಗೆ ನೆಟ್ಟಗೆ ಚಾಚಿದೆ, ಮೈ ಮಗ್ಗುಲಾಗಿದೆ, ಎರಡು ಕಾಲೂ ಕೂಡಿಕೊಂಡಿವೆ. ಚಾಚಿದ ಆ ಕೈಯೂ ಪಕ್ಕೆಯೂ ನೀರನ್ನು ಕಚ್ಚಿ ಹಿಡಿಯುತ್ತವೆ. ಹಾಗಾಗಿ ಮೈ ಗಾಳಿ ಹೋದ ಕಡೆಗೇ ಕೊಚ್ಚಿಹೋಗದೆ, ಓರೆಯಾಗಿ, ಸ್ವಲ್ಪ ಸ್ವಲ್ಪವೇ ಗಾಳಿಯ ಎದುರಿಗೆ ಏರುತ್ತದೆ. ಎಡಕ್ಕೆ ಒಂದಷ್ಟು ದೂರ ಹೋಗಿ, ಪಟ ತಿರುಗಿಸಿ, ಕೈ ಬದಲಿಸಿ, ಬಲಕ್ಕೆ ಒಂದಷ್ಟು ದೂರ. ಹಲಗೆಯ ಮೇಲೇ ಕಣ್ಣಿಟ್ಟು ನೇರ ಹೊರಟರೆ ಅದು ಸಿಗುವುದಿಲ್ಲ. ಅದನ್ನು ದಾಟಿ ಆಚೆ ಹೋಗಿ ಈಚೆ ಬರಬೇಕು. ದಡದಿಂದ ನೋಡುತ್ತಿದ್ದ ನನಗೆ ಅವಳು ಹತ್ತಿರವಾಗುತ್ತಿದ್ದಾಳೋ ದೂರವಾಗುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಒಂದು ಹೊತ್ತಿನಲ್ಲಿ ಚಾಚಿದ ಕೈ ಹಲಗೆಯ ಹಿಡಿಯನ್ನು ಮುಟ್ಟಿತು. ಅವಳು ಅದನ್ನು ತಬ್ಬಿಕೊಂಡು ಉಸಿರು ಬಿಟ್ಟಳು. ಹುಡುಗ ಬಂದು ಅದನ್ನು ತೆಗೆದುಕೊಂಡು ಮತ್ತೆ ದೂರ ತೇಲಿಬಿಟ್ಟ.

ಆ ದಿನ ಪೂರ್ತಿ ಇದೇ ಆಯಿತು.

ಅದರ ಮಾರನೆಯ ದಿನ ಹಲಗೆಯ ಮೇಲೆ ಹತ್ತಿದಾಗ ಅವಳು ಬೀಳಲಿಲ್ಲವೇ? ಬಿದ್ದಳು, ಮೊದಲಿನಷ್ಟೇ ಬಿದ್ದಳು. ಆದರೆ ಬಿದ್ದ ಕೂಡಲೇ ದಡದ ಕಡೆ ತಿರುಗುತ್ತಿದ್ದ ಮುಖ ಈಗ ತಿರುಗುತ್ತಿರಲಿಲ್ಲ. ಪಟ ವಾಲಿಸಿ, ಕೈ ಚಾಚಿ, ತನ್ನ ಹಲಗೆ ತರಲು ತಾನೇ ಹೊರಡುತ್ತಿದ್ದಳು. ಬೀಳುವುದು ದೊಡ್ಡ ಸಂಗತಿಯಾಗಿ ಉಳಿಯಲಿಲ್ಲ. ಬೀಳುವ ಚಿಂತೆ ಇಳಿದ ಮೇಲೆ ಕೈಯ ಬಿಗಿಯೂ ಇಳಿಯಿತು. ಕೈ ಸಡಿಲವಾದ ಮೇಲೆ ಪಟ ಹೇಳಿದ ಹಾಗೆ ಕೇಳತೊಡಗಿತು. ಸಂಜೆಯ ಹೊತ್ತಿಗೆ ಎದ್ದು ನಿಂತಳು, ಕೆಲವು ಉಸಿರಿನಷ್ಟು ಹೊತ್ತು ಜಾರಿದಳು, ಮತ್ತೆ ಬಿದ್ದಳು. ನಿಂತದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ಮನೆಮಂದಿಗೆಲ್ಲ ಹೋದದ್ದು ಅದೇ ವಿಡಿಯೊ. ಹಲಗೆ ಹುಡುಕಿಕೊಂಡು ನೀರಲ್ಲಿ ಓರೆಯಾಗಿ ಆಚೀಚೆ ಅಲೆದ ಆ ದಿನವನ್ನು ಯಾರೂ ಹಿಡಿದಿರಲಿಲ್ಲ. ನನಗೆ ಕಲಿಕೆ ಕಂಡದ್ದು ಅದರಲ್ಲಿ.

ಧೈರ್ಯ ಅಂದರೆ ‘ನಾನು ಬೀಳುವುದಿಲ್ಲ’ ಎಂಬ ನಂಬಿಕೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಹೊಸಬರಿಗೆ ಆ ನಂಬಿಕೆ ಎಲ್ಲಿಂದ ಬರಬೇಕು? ಅವರು ಬೀಳುತ್ತಾರೆ, ಅದು ಅವರಿಗೂ ಗೊತ್ತು. ‘ನಿನ್ನಿಂದ ಆಗುತ್ತೆ’ ಎಂದು ಎಷ್ಟು ಹೇಳಿದರೂ ಮೈ ಅದನ್ನು ಒಪ್ಪುವುದಿಲ್ಲ. ಆದರೆ ‘ಬಿದ್ದರೆ ಹಿಂದಕ್ಕೆ ಬರುವುದು ನನಗೆ ಗೊತ್ತು’ ಎನ್ನುವುದು ಬೇರೆ ನಂಬಿಕೆ. ಅದನ್ನು ಕಲಿಸಬಹುದು, ಕಲಿಯಬಹುದು, ಪರೀಕ್ಷೆ ಮಾಡಿ ನೋಡಬಹುದು. ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವ ಹಿರಿಯರು ಮಕ್ಕಳಿಗೆ ಮೊದಲು ಮೆಟ್ಟಿಲ ಕಲ್ಲು ಹಿಡಿದು ಮೇಲೆ ಬರುವುದನ್ನು ತೋರಿಸುತ್ತಿದ್ದರಲ್ಲ, ಹಾಗೆ.

ಈ ಆಟದಲ್ಲಿ ಹೊಸಬರನ್ನು ತುಂಬ ನೋಯಿಸುವ ಸಂಗತಿ ಇನ್ನೊಂದಿದೆ, ನಡಿಗೆ. ಗಾಳಿಗೆ ಎದುರಾಗಿ ಸಾಗುವುದು ಬರುವವರೆಗೆ, ಎದ್ದರೂ ಬಿದ್ದರೂ ಗಾಳಿ ತಾನು ಹೋದ ಕಡೆಗೆ ಒಯ್ಯುತ್ತಲೇ ಇರುತ್ತದೆ. ಕೊನೆಗೆ ದಡ ಹತ್ತಿ, ಹಲಗೆ ಕಂಕುಳಲ್ಲಿಟ್ಟುಕೊಂಡು, ಇಳಿದ ಜಾಗಕ್ಕೆ ನಡೆದೇ ಬರಬೇಕು. ಬಲ್ಲವರು ನೀರಿನ ಮೇಲೆ ಸುಯ್ಯನೆ ದಾಟಿ ಹೋಗುವಾಗ ಬಿಸಿಲಲ್ಲಿ ತಲೆ ತಗ್ಗಿಸಿ ಹೀಗೆ ನಡೆಯುವುದು ಸುಲಭವಲ್ಲ. ನಾನೂ ಕೆಲವು ಸಲ ಅವಳ ಜೊತೆ ನಡೆದೆ. ಆಗ ಗಮನಿಸಿದ್ದು ಇದು: ಪಟ ಅವಳ ತಲೆಯ ಮೇಲೆ ಹಾರುತ್ತಲೇ ಇತ್ತು. ಒಂದು ಕೈಯಲ್ಲಿ ಹಲಗೆ, ಇನ್ನೊಂದು ಕೈ ಬಾರಿನ ಮೇಲೆ. ನನ್ನ ಜೊತೆ ಮಾತಾಡುತ್ತಿದ್ದಳು, ಶಂಖದ ಚೂರು ತುಳಿಯದಂತೆ ಕಾಲ ಕೆಳಗೆ ನೋಡುತ್ತಿದ್ದಳು, ಮೇಲೆ ನೋಡುತ್ತಲೇ ಇರಲಿಲ್ಲ. ಪಟ ಅಲುಗಾಡದೆ ನೆತ್ತಿಯಲ್ಲಿ ನಿಂತಿತ್ತು. ನೀರಿನಲ್ಲಿ ಕಣ್ಣು ಕೀಲಿಸಿ ನೋಡಿದರೂ ಬಾರದ ಹಿಡಿತ, ಬೇಸರದ ನಡಿಗೆಯಲ್ಲಿ ಕೈಗೆ ತಾನಾಗಿ ಬಂದಿತ್ತು. “ನೋಡೇ, ನಿನ್ ಪಟದ ಕಡೆ ನೀನು ನೋಡ್ತಾನೇ ಇಲ್ಲ” ಅಂದಾಗ ಅವಳಿಗೇ ಆಶ್ಚರ್ಯ.

ಯೋಚಿಸಿದರೆ ಈ ಆಟ ಬೆಳೆದದ್ದೇ ಬಿದ್ದದ್ದು ಏಳುವುದರಿಂದ. ಗಾಳಿಪಟದಿಂದ ದೋಣಿಯನ್ನೂ ಮನುಷ್ಯರನ್ನೂ ಎಳೆಯಿಸುವ ಪ್ರಯೋಗಗಳು ಹಿಂದಿನಿಂದಲೂ ನಡೆದಿದ್ದವು. ನೀರಿಗೆ ಬಿದ್ದ ಪಟ ನೆನೆದು ಮತ್ತೆ ಏಳದಿರುವುದೇ ತೊಡಕಾಗಿತ್ತು. ಫ್ರಾನ್ಸಿನ ಕರಾವಳಿಯ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯು ಎಂಬ ಅಣ್ಣತಮ್ಮಂದಿರು ಪಟದ ಮುಂದಿನ ಅಂಚಿಗೆ ಗಾಳಿ ತುಂಬುವ ಕೊಳವೆ ಇಟ್ಟರು. ಬಿದ್ದ ಪಟ ತೇಲುತ್ತದೆ, ದಾರ ಜಗ್ಗಿದರೆ ಅಲ್ಲಿಂದಲೇ ಮೇಲೇಳುತ್ತದೆ. 1984ರಲ್ಲಿ ಅದರ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅದು ಜನರ ಕೈಗೆ ಸಿಕ್ಕಿ ಆಟ ಹಬ್ಬಿದ್ದು 1990ರ ದಶಕದ ಕೊನೆಗೆ. ಇನ್ನೂ ಎತ್ತರ ಹಾರುವ ಪಟಕ್ಕಿಂತ ಬಿದ್ದಲ್ಲಿಂದ ಏಳುವ ಪಟ ಬೇಕು ಎಂದು ಅವರಿಗೆ ಹೊಳೆದದ್ದು ದೊಡ್ಡದು ಅನಿಸುತ್ತದೆ ನನಗೆ.

ನಮ್ಮ ಹುಡುಗಿಗೆ ಗಾಳಿಗೆ ಎದುರು ಸಾಗುವುದು ಇನ್ನೂ ಬಂದಿಲ್ಲ. ಈ ಸಲವೂ ಹೋಗುತ್ತಾಳೆ, ಈ ಸಲವೂ ನಡೆಯುತ್ತಾಳೆ. ‘ಯಾವಾಗ ಬರುತ್ತೆ’ ಎಂದು ಕೇಳುವುದನ್ನು ಮನೆಯಲ್ಲಿ ಬಿಟ್ಟಿದ್ದೇವೆ.

ಎಲ್ಲ ಕಲಿಕೆಗೂ ಇದು ಹೀಗೇ ಹೊಂದುತ್ತದೆ ಎಂದು ನಾನು ಹೇಳಲಾರೆ. ಕೆಲವು ಸಲ ಹಲಗೆ ತೀರ ದೂರ ಹೋಗಿಬಿಡುತ್ತದೆ, ಅಥವಾ ಗಾಳಿಯೇ ನಿಂತುಬಿಡುತ್ತದೆ. ಆಗ ಏನು ಮಾಡಬೇಕು ಎಂಬುದೂ ಅವರ ಪಾಠದಲ್ಲಿದೆ. ಹಲಗೆಯ ಆಸೆ ಬಿಡಬೇಕು. ದಾರಗಳನ್ನು ಬಾರಿಗೆ ಸುತ್ತಿಕೊಳ್ಳುತ್ತ ಪಟದ ಹತ್ತಿರ ಹೋಗಬೇಕು. ಗಾಳಿ ತುಂಬಿದ ಆ ಪಟವನ್ನೇ ತೆಪ್ಪ ಮಾಡಿಕೊಂಡು ದಡ ಸೇರಬೇಕು. ಹಲಗೆ ಇನ್ನೊಂದು ಸಿಗುತ್ತದೆ. ಯಾವಾಗ ಹೋಗಿ ತರಬೇಕು, ಯಾವಾಗ ಬಿಟ್ಟು ಬರಬೇಕು ಎಂದು ಹೊಸಬರಿಗೆ ಮೊದಲೇ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಬಿಟ್ಟು ಬಂದವರನ್ನು ಅಲ್ಲಿ ಯಾರೂ ಸೋತವರು ಅನ್ನುವುದಿಲ್ಲ. ನಮ್ಮ ಮಕ್ಕಳಿಗೆ ನಾವು ಕಲಿಸುವ ಪಾಠಗಳಲ್ಲಿ ಇದಕ್ಕೂ ಒಂದಿಷ್ಟು ಜಾಗ ಇದ್ದರೆ ಒಳ್ಳೆಯದು.