ತೆರಿಗೆಯ ಲೆಕ್ಕ: ನಾವು ಗುರುತು ಹಾಕಬೇಕಾದ ತೀರ್ಮಾನ

(ಯುವಕರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮಲ್ಲಿ ಬಹಳ ಜನ ಕೆ.ಎ.ಎಸ್., ಬ್ಯಾಂಕು, ರೈಲ್ವೆ ಅಂತ ಒಂದಲ್ಲ ಒಂದು ಪರೀಕ್ಷೆಗೆ ಓದುತ್ತಿರುವವರು. ಆ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಬಗೆಯ ಪ್ರಶ್ನೆ ಬರುತ್ತದೆ. ಮೇಲೆ ಎರಡೋ ಮೂರೋ ಹೇಳಿಕೆ, ಕೆಳಗೆ ನಾಲ್ಕು ತೀರ್ಮಾನ. ಹೇಳಿಕೆಗಳಿಂದ ನಿಜವಾಗಿ ಹೊರಡುವ ತೀರ್ಮಾನ ಯಾವುದೋ ಅದಕ್ಕೆ ಗುರುತು ಹಾಕಬೇಕು. ನಮಗೆ ಹಿತವಾಗಿ ಕಂಡದ್ದಕ್ಕೆ ಗುರುತು ಹಾಕಿದರೆ ಅಂಕ ಹೋಯಿತು. ಇವತ್ತು ಅಂಥದೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಇದರಲ್ಲಿ ತಪ್ಪಿದರೆ ಹೋಗುವುದು ನಾಡಿನ ಬೊಕ್ಕಸ.

ಹೇಳಿಕೆ ಒಂದು: ಕರ್ನಾಟಕದಿಂದ ದಿಲ್ಲಿಗೆ ಹೋಗುವ ತೆರಿಗೆ ಹೆಚ್ಚು, ಅಲ್ಲಿಂದ ಬರುವ ಪಾಲು ಕಡಿಮೆ.

ಹೇಳಿಕೆ ಎರಡು: ಬರುತ್ತಿದ್ದ ಪಾಲು 2020ರಲ್ಲಿ ದಿಢೀರನೆ ಕುಸಿಯಿತು.

ಹೇಳಿಕೆ ಮೂರು: ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಹೆಚ್ಚು ಕೊಡುವುದು ತೆರಿಗೆಯ ನ್ಯಾಯ.

ಮೂರನ್ನೂ ಒಪ್ಪುತ್ತೀರಾ? ಒಪ್ಪುವುದಾದರೆ ಮುಂದಕ್ಕೆ ಹೋಗುವ ಮೊದಲು ಅಂಕಿಗಳನ್ನು ಒಮ್ಮೆ ಉಜ್ಜಿ ನೋಡೋಣ.

ಮೊದಲು ಲೆಕ್ಕ

ಸಂವಿಧಾನದ 280ನೇ ವಿಧಿಯ ಪ್ರಕಾರ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ನೇಮಕವಾಗುತ್ತದೆ. ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ಹಂಚಬೇಕಾದ ಮೊತ್ತದಿಂದ ರಾಜ್ಯಗಳಿಗೆಲ್ಲ ಸೇರಿ ಎಷ್ಟು, ಅದರಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಅದು ಹೇಳುತ್ತದೆ. ವೈ.ವಿ. ರೆಡ್ಡಿಯವರ 14ನೇ ಆಯೋಗ ರಾಜ್ಯಗಳಿಗೆ ಶೇಕಡಾ 42 ಕೊಟ್ಟಿತು. ಅದರಲ್ಲಿ ಕರ್ನಾಟಕದ ಪಾಲು ಶೇಕಡಾ 4.713. ಎನ್.ಕೆ. ಸಿಂಗ್ ಅವರ 15ನೇ ಆಯೋಗ ಶೇಕಡಾ 41 ಎಂದಿತು. 2021ರಿಂದ 2026ರ ಅವಧಿಗೆ ನಮ್ಮ ಪಾಲು ಶೇಕಡಾ 3.647ಕ್ಕೆ ಇಳಿಯಿತು.

ಇದನ್ನು ಪೈಸೆಯಲ್ಲಿ ಹೇಳುತ್ತೇನೆ, ನೆನಪಿರುತ್ತದೆ. ಹಂಚಬೇಕಾದ ಪ್ರತಿ 100 ರೂಪಾಯಿಯಲ್ಲಿ ಕರ್ನಾಟಕಕ್ಕೆ ಮೊದಲು ಬರುತ್ತಿದ್ದದ್ದು 1 ರೂಪಾಯಿ 98 ಪೈಸೆ. ಆಮೇಲೆ ಬಂದದ್ದು 1 ರೂಪಾಯಿ 50 ಪೈಸೆ. ನಾಲ್ಕರಲ್ಲಿ ಒಂದು ಭಾಗ ಹೋಯಿತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಾವು ಸುಮಾರು ಶೇಕಡಾ 5 ಇದ್ದೇವೆ. ಬರೀ ತಲೆ ಎಣಿಸಿ ಹಂಚಿದರೂ ಸಿಗಬೇಕಾದಷ್ಟು ಸಿಗಲಿಲ್ಲ.

2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತದ್ದು ಇದೇ ಸಿಟ್ಟಿಗೆ. ಆಗ ಎಲ್ಲರ ಬಾಯಲ್ಲಿ ಓಡಾಡಿದ ಮಾತು: ನಾವು 100 ರೂಪಾಯಿ ಕೊಟ್ಟರೆ ವಾಪಸ್ ಬರುವುದು 12-13 ರೂಪಾಯಿ.

ಈ ಮಾತನ್ನು ಜೋಪಾನವಾಗಿ ಬಳಸಿ ಎಂದು ನಿಮಗೆ ಹೇಳಬೇಕು. ಕಂಪನಿಯೊಂದರ ಆದಾಯ ತೆರಿಗೆ ಸಾಮಾನ್ಯವಾಗಿ ಅದರ ಮುಖ್ಯ ಕಚೇರಿ ಇರುವ ಊರಿನ ಲೆಕ್ಕಕ್ಕೆ ಬೀಳುತ್ತದೆ. ಇನ್ಫೋಸಿಸ್ ಕಂಪನಿಗೆ ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ದುಡಿಯುವವರಿದ್ದಾರೆ, ತೆರಿಗೆಯ ಲೆಕ್ಕ ಬೆಂಗಳೂರಿನದು. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜೆ.ಎಸ್.ಡಬ್ಲ್ಯು. ಉಕ್ಕು ಕರಗಿಸುತ್ತದೆ, ನೆಲ ನಮ್ಮದು, ಧೂಳು ನಮ್ಮದು, ಕಂಪನಿಯ ಕಚೇರಿ ಮುಂಬಯಿಯಲ್ಲಿ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2020ರಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಠೇವಣಿ ಇಟ್ಟವರು ಅವರೇ, ಸಾಲ ತೀರಿಸುವವರೂ ಅವರೇ, ಆದರೆ ಲೆಕ್ಕದ ವಿಳಾಸ ಮುಂಬಯಿಗೆ ಹೋಯಿತು. ಹೀಗಿರುವಾಗ "ಕರ್ನಾಟಕ ಕೊಟ್ಟ ತೆರಿಗೆ" ಎಂಬ ಅಂಕಿ ಎರಡೂ ಕಡೆಗೆ ಅಲ್ಲಾಡುತ್ತದೆ. ಎದುರಾಳಿ ಅದನ್ನೇ ಹಿಡಿದು ನಿಮ್ಮ ಇಡೀ ವಾದವನ್ನು ಕೆಡವುತ್ತಾನೆ. 4.713, 3.647 ಎಂಬ ಅಂಕಿಗಳನ್ನು ಯಾರೂ ಅಲ್ಲಾಡಿಸಲಾರರು. ಅವು ಆಯೋಗದ ವರದಿಯಲ್ಲೇ ಇವೆ. ಅವನ್ನು ಬಾಯಿಪಾಠ ಮಾಡಿಕೊಳ್ಳಿ.

ಈಗ ತೀರ್ಮಾನಗಳಿಗೆ ಬರೋಣ.

ತೀರ್ಮಾನ ಒಂದು: ಕೊಟ್ಟಷ್ಟೂ ನಮಗೇ ವಾಪಸ್ ಬರಬೇಕು

ಕೇಳಿದ ಕೂಡಲೇ ಚಪ್ಪಾಳೆ ಬೀಳುವ ಮಾತಿದು. ಆದರೆ ಇದೇ ಮಾತನ್ನು ನಮ್ಮ ಮನೆಯೊಳಗೆ ತಂದು ನೋಡಿ. ರಾಜ್ಯದ ತೆರಿಗೆಯ ದೊಡ್ಡ ಪಾಲು ಬೆಂಗಳೂರಿನಲ್ಲಿ ಸಂಗ್ರಹವಾಗುತ್ತದೆ. ನಾಳೆ ಜಯನಗರದ ಒಬ್ಬ ಎದ್ದು ನಿಂತು, "ನಮ್ಮ ದುಡ್ಡು ನಮಗೆ, ಯಾದಗಿರಿಗೆ ಯಾಕೆ ಕೊಡಬೇಕು?" ಎಂದರೆ ಏನು ಹೇಳುತ್ತೀರಿ? ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತು. ಕಲ್ಯಾಣ ಕರ್ನಾಟಕದ ಜನ ವರ್ಷಗಟ್ಟಲೆ ಹೋರಾಡಿ 371(ಜೆ) ವಿಧಿಯನ್ನು ತಂದುಕೊಂಡರು. ಕೊಟ್ಟವನಿಗೇ ವಾಪಸ್ ಎಂಬ ಸೂತ್ರ ಒಪ್ಪಿದರೆ ಆ ವರದಿಯನ್ನೂ ಆ ವಿಧಿಯನ್ನೂ ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ.

ದಿಲ್ಲಿಯ ಮುಂದೆ ಒಂದು ನ್ಯಾಯ, ರಾಯಚೂರಿನ ಮುಂದೆ ಇನ್ನೊಂದು ನ್ಯಾಯ ಹೇಳುವವನ ಮಾತಿಗೆ ತೂಕ ಇರುವುದಿಲ್ಲ. ಮೂರನೆಯ ಹೇಳಿಕೆಯನ್ನು ಒಪ್ಪಿಕೊಂಡಿದ್ದೀರಿ, ನೆನಪಿರಲಿ. ಅದನ್ನು ಒಪ್ಪಿದ ಮೇಲೆ ಈ ತೀರ್ಮಾನ ಹೊರಡುವುದಿಲ್ಲ. ಹೊಡೆದುಹಾಕಿ.

ತೀರ್ಮಾನ ಎರಡು: ಉತ್ತರದವರು ನಮ್ಮ ದುಡ್ಡು ತಿನ್ನುತ್ತಿದ್ದಾರೆ

15ನೇ ಆಯೋಗ ಉತ್ತರ ಪ್ರದೇಶಕ್ಕೆ ಶೇಕಡಾ 17.939, ಬಿಹಾರಕ್ಕೆ ಶೇಕಡಾ 10.058 ಕೊಟ್ಟಿತು. ಅದು ನಿಜ. ಆದರೆ ಆ ಸೂತ್ರವನ್ನು ಬರೆದವನು ಬಿಹಾರದ ಹೊಲದಲ್ಲಿ ದುಡಿಯುವವನೇ? ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡಕ್ಕೆ ಇಟ್ಟಿಗೆ ಹೊರುವ ಹುಡುಗನೇ? ಅವನು ಇಲ್ಲಿ ಸೋಪು, ಚಪ್ಪಲಿ, ಮೊಬೈಲು ಕೊಳ್ಳುವಾಗ ಜಿ.ಎಸ್.ಟಿ. ಕಟ್ಟುತ್ತಾನೆ. ಮಾಲು ಎಲ್ಲಿ ಬಳಕೆಯಾಗುತ್ತದೋ ಆ ರಾಜ್ಯಕ್ಕೆ ಆ ತೆರಿಗೆಯ ರಾಜ್ಯದ ಪಾಲು ಸೇರುತ್ತದೆ. ಅಂದರೆ ಅವನು ನಮ್ಮ ಬೊಕ್ಕಸ ತುಂಬುವವರಲ್ಲಿ ಒಬ್ಬ.

ಆಯೋಗವನ್ನು ನೇಮಿಸುವವರು ರಾಷ್ಟ್ರಪತಿಗಳು, ಅಂದರೆ ಕೇಂದ್ರ ಸರ್ಕಾರ. ಅದರ ಸದಸ್ಯರು ಯಾರಿರಬೇಕು ಎಂಬುದರಲ್ಲಿ ಯಾವ ರಾಜ್ಯಕ್ಕೂ ಬಾಯಿಲ್ಲ. ಬಿಹಾರಕ್ಕೂ ಇಲ್ಲ, ನಮಗೂ ಇಲ್ಲ. ಸೂತ್ರ ಮಾಡಿದವರನ್ನು ಬಿಟ್ಟು ಗಾರೆ ಕೆಲಸದವನ ಕುತ್ತಿಗೆಪಟ್ಟಿ ಹಿಡಿದರೆ ಹೇಡಿತನವಾಗುತ್ತದೆ, ಹೋರಾಟ ಆಗುವುದಿಲ್ಲ. ಇದನ್ನೂ ಹೊಡೆದುಹಾಕಿ.

ತೀರ್ಮಾನ ಮೂರು: ಒಕ್ಕೂಟದಲ್ಲಿ ಇದೆಲ್ಲ ಸಹಜ, ಸುಮ್ಮನಿರಿ

ಇದು ದೊಡ್ಡವರು ಉಪದೇಶ ಮಾಡುವ ತೀರ್ಮಾನ. ಬಡ ರಾಜ್ಯಗಳಿಗೆ ಹೆಚ್ಚು ಹೋಗಲೇಬೇಕು, ಹಾಗಾಗಿ ಕೇಳಬೇಡಿ ಎನ್ನುತ್ತಾರೆ. ಇಲ್ಲೊಂದು ಮೋಸ ಅಡಗಿದೆ. ಹಂಚುವುದು ನ್ಯಾಯ ಎಂದ ಮಾತ್ರಕ್ಕೆ ಈಗ ಹಂಚುತ್ತಿರುವ ರೀತಿ ನ್ಯಾಯ ಎಂದಾಗುವುದಿಲ್ಲ. ಮೂರು ಕಾರಣ ಕೊಡುತ್ತೇನೆ.

ಒಂದನೆಯದು, ಸರಾಸರಿ. 15ನೇ ಆಯೋಗ ತಲಾ ಆದಾಯದ ಅಂತರಕ್ಕೆ ಶೇಕಡಾ 45ರಷ್ಟು ತೂಕ ಕೊಟ್ಟಿತು. ಬೆಂಗಳೂರಿನ ಆದಾಯ ಸೇರಿ ಕರ್ನಾಟಕದ ಸರಾಸರಿ ಮೇಲೆ ಹೋಗಿದೆ. ಆ ಸರಾಸರಿಯ ಶಿಕ್ಷೆ ಬೀಳುವುದು ಯಾದಗಿರಿಯ ಶಾಲೆಗೆ, ಕೊಪ್ಪಳದ ಆಸ್ಪತ್ರೆಗೆ.

ಎರಡನೆಯದು, ದಿಢೀರ್ ಕುಸಿತ. 2020-21ರಲ್ಲಿ ಪಾಲು ಹಿಂದಿನ ವರ್ಷಕ್ಕಿಂತ ಕಡಿಮೆಯಾಗುತ್ತದೆಂದು ಆಯೋಗವೇ ಕಂಡು ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಕೊಡಿ ಎಂದು ಶಿಫಾರಸು ಮಾಡಿತು. ಕೇಂದ್ರ ಅದನ್ನು ಒಪ್ಪಲಿಲ್ಲ. ಪಾಲು ಇಳಿಸುವಾಗ ಆಯೋಗದ ಮಾತು ವೇದವಾಕ್ಯ, ಅನುದಾನ ಕೊಡುವಾಗ ಮಾತ್ರ ಬರೀ ಸಲಹೆ. ಇದು ಯಾವ ನ್ಯಾಯ?

ಮೂರನೆಯದು, ಸೆಸ್ ಮತ್ತು ಸರ್ಚಾರ್ಜು. 2000ದ 80ನೇ ತಿದ್ದುಪಡಿಯ ನಂತರ ಕೇಂದ್ರದ ಹೆಚ್ಚುಕಡಿಮೆ ಎಲ್ಲ ತೆರಿಗೆಯನ್ನೂ ರಾಜ್ಯಗಳೊಡನೆ ಹಂಚಿಕೊಳ್ಳಬೇಕು. ಆದರೆ ಸೆಸ್ ಮತ್ತು ಸರ್ಚಾರ್ಜುಗಳನ್ನು ಹಂಚಬೇಕಿಲ್ಲ. ಆ ಬಾಗಿಲು ತೆರೆದಿದ್ದರ ಫಲ ನೋಡಿ. 2021ರ ಫೆಬ್ರವರಿಯಲ್ಲಿ ಪೆಟ್ರೋಲಿನ ಮೇಲೆ ಲೀಟರಿಗೆ ಕೇಂದ್ರ ಹಾಕುತ್ತಿದ್ದ ಸುಂಕ ಒಟ್ಟು 32 ರೂಪಾಯಿ 90 ಪೈಸೆ. ಅದರಲ್ಲಿ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಆ 1 ರೂಪಾಯಿ 40 ಪೈಸೆಯ ಶೇಕಡಾ 41ರಲ್ಲಿ ಕರ್ನಾಟಕದ ಪಾಲು ಎಷ್ಟೆಂದು ಗುಣಿಸಿ. ಸುಮಾರು ಎರಡು ಪೈಸೆ! ದೇಶದ ಯಾವ ಮೂಲೆಯಲ್ಲಿ ಒಂದು ಲೀಟರ್ ಮಾರಾಟವಾದರೂ ಕರ್ನಾಟಕಕ್ಕೆ ಎರಡು ಪೈಸೆ. ಈ ಏಟು ಕರ್ನಾಟಕಕ್ಕೆ ಮಾತ್ರ ಬಿದ್ದದ್ದಲ್ಲ. ಹಂಚುವ ಪಾತ್ರೆಯೇ ಸಣ್ಣದಾದರೆ ಬಿಹಾರಕ್ಕೂ ನಷ್ಟ, ಒಡಿಶಾಕ್ಕೂ ನಷ್ಟ. ಬಡ ರಾಜ್ಯಗಳ ಹೆಸರು ಹೇಳಿ ನಮ್ಮನ್ನು ಸುಮ್ಮನಿರಿಸುವವರು ಬಡ ರಾಜ್ಯಗಳಿಗೂ ಕೊಡದೆ ಇಟ್ಟುಕೊಂಡ ಹಣ ಇದು.

ಆದ್ದರಿಂದ ಮೂರನೆಯದನ್ನೂ ಹೊಡೆದುಹಾಕಿ.

ಉಳಿದ ತೀರ್ಮಾನ

ಹಂಚಿಕೆ ಇರಲಿ, ಹಂಚಿಕೆಯ ನಿಯಮ ನ್ಯಾಯವಾಗಿರಲಿ, ನಿಯಮ ಮಾಡುವ ಜಾಗದಲ್ಲಿ ರಾಜ್ಯಗಳೂ ಕೂತಿರಲಿ. ಮೂರು ಹೇಳಿಕೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಹೊರಡುವ ತೀರ್ಮಾನ ಇದೊಂದೇ. ಇದರಿಂದ ಹುಟ್ಟುವ ಬೇಡಿಕೆಗಳು ಸ್ಪಷ್ಟ. ಸೆಸ್, ಸರ್ಚಾರ್ಜಿಗೆ ಮಿತಿ ಹಾಕಬೇಕು, ಮಿತಿ ಮೀರಿದ್ದು ಹಂಚುವ ಪಾತ್ರೆಗೆ ಬೀಳಬೇಕು. ಯಾವ ರಾಜ್ಯದ ಪಾಲೂ ಒಂದು ಆಯೋಗದಿಂದ ಇನ್ನೊಂದಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಇಳಿಯಬಾರದು. ರಾಜ್ಯದೊಳಗಿನ ಹಿಂದುಳಿದ ಜಿಲ್ಲೆಗಳೂ ಲೆಕ್ಕಕ್ಕೆ ಬರಬೇಕು. ಆಯೋಗದ ನೇಮಕದಲ್ಲಿ ರಾಜ್ಯಗಳ ಒಪ್ಪಿಗೆ ಇರಬೇಕು. ಈ ಬೇಡಿಕೆಗಳಿಗೆ ತಮಿಳುನಾಡು, ಕೇರಳವಷ್ಟೇ ಏಕೆ, ಒಡಿಶಾ, ಪಂಜಾಬುಗಳೂ ದನಿಗೂಡಿಸಬಹುದು. ಮೊದಲೆರಡು ತೀರ್ಮಾನಗಳನ್ನು ಹಿಡಿದು ಹೊರಟರೆ ನಾವು ಒಂಟಿಯಾಗುತ್ತೇವೆ.

ಕೇಳಿದರೆ ಏನೂ ಆಗುವುದಿಲ್ಲ ಎನ್ನುವವರಿಗೆ ಒಂದು ಉತ್ತರವಿದೆ. ಅರವಿಂದ ಪನಗಾರಿಯಾ ಅವರ 16ನೇ ಆಯೋಗದ ವರದಿ 2026ರ ಫೆಬ್ರವರಿ 1ರಂದು ಸಂಸತ್ತಿಗೆ ಬಂತು. ದೇಶದ ಒಟ್ಟು ಉತ್ಪನ್ನಕ್ಕೆ ರಾಜ್ಯದ ಕೊಡುಗೆ ಎಷ್ಟು ಎಂಬುದಕ್ಕೆ ಅದು ಶೇಕಡಾ 10ರಷ್ಟು ತೂಕ ಕೊಟ್ಟಿತು. ನಮ್ಮ ಪಾಲು ಶೇಕಡಾ 4.131ಕ್ಕೆ ಏರಿತು. 1 ರೂಪಾಯಿ 50 ಪೈಸೆ ಇದ್ದದ್ದು 1 ರೂಪಾಯಿ 69 ಪೈಸೆ ಆಯಿತು. ಹಳೆಯ 1 ರೂಪಾಯಿ 98 ಪೈಸೆಗೆ ಇನ್ನೂ 29 ಪೈಸೆ ಬಾಕಿ. ಬಹುಪಾಲು ರಾಜ್ಯಗಳು ಶೇಕಡಾ 50 ಕೇಳಿದ್ದರೂ ಒಟ್ಟು ಪಾಲು 41ರಲ್ಲೇ ನಿಂತಿತು. ಈ ಲೆಕ್ಕ 2031ರ ಮಾರ್ಚ್ ತನಕ. ಮುಂದಿನ ಆಯೋಗದ ಮುಂದೆ ನಿಲ್ಲುವ ಹೊತ್ತಿಗೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗಿರುತ್ತೀರಿ, ಕೆಲವರು ಪತ್ರಕರ್ತರು, ಕೆಲವರು ಶಾಸಕರೇ ಆಗಿರಬಹುದು.

ಗೆಳೆಯರೇ, ದಿಲ್ಲಿಯನ್ನು ಕೇಳಿದ ಬಾಯಿಂದಲೇ ವಿಧಾನಸೌಧವನ್ನೂ ಕೇಳಿ: ಬಂದ ಪಾಲಿನಲ್ಲಿ ದೇವದುರ್ಗಕ್ಕೆ ಎಷ್ಟು ಹೋಯಿತು, ಸುರಪುರಕ್ಕೆ ಎಷ್ಟು ಹೋಯಿತು? ಆ ಪ್ರಶ್ನೆಗೂ ಉತ್ತರ ಪಡೆದುಕೊಂಡು ದಿಲ್ಲಿಗೆ ಹೊರಡಿ. ಆಗ ನಮ್ಮ ವಾದಕ್ಕೆ ಯಾರೂ ಎದುರು ನಿಲ್ಲಲಾರರು.