ನೊರೆ ಬಂತು, ಲೋಳೆ ಹೋಯಿತು

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಸೊಂಟ ಮುಟ್ಟುವ ಹೆರಳಿನ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ವಾರಕ್ಕೆ ಎರಡು ಸಲ ತಲೆ ಎರೆದುಕೊಳ್ಳುವವರಾದರೆ ಆ ತುದಿ ಐನೂರಕ್ಕೂ ಹೆಚ್ಚು ಸಲ ನೊರೆ ಕಂಡಿದೆ, ಅದರ ಹಲವು ಪಟ್ಟು ಸಲ ಹಣಿಗೆಯ ಹಲ್ಲಿಗೆ ಸಿಕ್ಕಿದೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಸವೆದ ಜಾಗ ಗಾಯದ ಹಾಗೆ ಮಾಯುವುದಿಲ್ಲ, ಸೀಳಿದ ತುದಿ ಮತ್ತೆ ಕೂಡುವುದಿಲ್ಲ. ಹೀಗಾಗಿ ನೀಳಗೂದಲಿನ ಆರೈಕೆಯಲ್ಲಿ ಕೂದಲನ್ನು ಬೆಳೆಸುವುದಕ್ಕಿಂತ ಬೆಳೆದದ್ದು ಸವೆಯದಂತೆ ನೋಡಿಕೊಳ್ಳುವ ಕೆಲಸವೇ ದೊಡ್ಡದು. ತಲೆ ತೊಳೆಯುವುದನ್ನು ನಾವು ಒಂದೇ ಕೆಲಸ ಎಂದುಕೊಂಡಿದ್ದೇವೆ. ನಿಜವಾಗಿ ಅದು ಎರಡು ಕೆಲಸ: ಜಿಡ್ಡು ಕೊಳೆ ತೆಗೆಯುವುದು ಒಂದು, ತೊಳೆದ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳದಂತೆ ಅವಕ್ಕೆ ಜಾರು ಕೊಡುವುದು ಇನ್ನೊಂದು. ಹಿಂದಿನ ಬಚ್ಚಲುಮನೆಯಲ್ಲಿ ಎರಡೂ ನಡೆಯುತ್ತಿದ್ದವು. ಶಾಂಪೂ ಬಂದ ಮೇಲೆ ಮೊದಲನೆಯದಷ್ಟೇ ಉಳಿಯಿತು. ಬಿಟ್ಟುಹೋದ ಆ ಎರಡನೆಯ ಕೆಲಸವನ್ನು ಎರಡು ನಿಮಿಷದ ಕಂಡಿಷನರ್ ಮತ್ತೆ ತಂದುಕೊಡಬಲ್ಲದು, ಆದರೆ ಸಿಕ್ಕು ಬಿಡಿಸುವುದನ್ನೂ ಅದೇ ಎರಡು ನಿಮಿಷದೊಳಗೆ ಮುಗಿಸಿಕೊಳ್ಳಬೇಕು ಎಂಬುದು ಇವತ್ತಿನ ನನ್ನ ವಾದ.

ಕೂದಲಿನ ಹೊರಮೈ ನೋಡಲು ನುಣುಪು. ಸೂಕ್ಷ್ಮದರ್ಶಕದಲ್ಲಿ ಅದು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳ ಸಾಲು. ಹುರುಪೆಗಳ ಬಾಯಿ ತುದಿಯ ಕಡೆಗಿರುತ್ತದೆ. ಹುಟ್ಟಿದಾಗ ಇವುಗಳ ಮೇಲೆ ಕೊಬ್ಬಿನ ತೆಳುವಾದ ಪದರ ಅಂಟಿಕೊಂಡೇ ಬರುತ್ತದೆ. ಬಿಸಿಲು, ಕ್ಷಾರ, ಬಣ್ಣ, ಉಜ್ಜಾಟ ಇವೆಲ್ಲ ವರ್ಷಗಟ್ಟಲೆ ಆದ ಮೇಲೆ ಆ ಪದರ ಕಳಚುತ್ತದೆ, ಹುರುಪೆಗಳು ಮೇಲೇಳುತ್ತವೆ. ನೀರು ಬಿದ್ದಾಗಲಂತೂ ಕೂದಲು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರು ಕುಡಿದು ಉಬ್ಬುತ್ತದೆ, ಸುಲಭವಾಗಿ ಜಗ್ಗುತ್ತದೆ, ಬಲ ಕಳೆದುಕೊಳ್ಳುತ್ತದೆ. ಎದ್ದ ಹುರುಪೆಗಳ ಎರಡು ಎಳೆಗಳು ಉಜ್ಜಿದರೆ ಕೊಂಡಿ ಬೀಳುವುದು ಸಹಜ. ಸಿಕ್ಕು ಎಂದರೆ ಇದೇ, ಬರೀ ಘರ್ಷಣೆಯ ಫಲ. ಇದರ ಜೊತೆ ಒಂದು ವಿದ್ಯುತ್ತಿನ ವಿಚಾರವೂ ಇದೆ. ಸಾಮಾನ್ಯ ನೀರಿನಲ್ಲಿ ಕೂದಲಿನ ಮೈ ಋಣ ವಿದ್ಯುದಂಶ ಹೊತ್ತಿರುತ್ತದೆ, ಸವೆದ ತುದಿಯಲ್ಲಿ ಇನ್ನೂ ಹೆಚ್ಚು. ಕಂಡಿಷನರಿನಲ್ಲಿರುವ ಮುಖ್ಯ ಪದಾರ್ಥಗಳು ಧನ ವಿದ್ಯುದಂಶದವು. ಅವುಗಳ ಇನ್ನೊಂದು ತುದಿಗೆ ಕೊಬ್ಬಿನ ಉದ್ದನೆಯ ಬಾಲ. ತಲೆಗೆ ಹಚ್ಚಿದ ಕೂಡಲೇ ಧನ ಹೋಗಿ ಋಣಕ್ಕೆ ಅಂಟುತ್ತದೆ, ಬಾಲ ಹೊರಗೆ ಚಾಚಿ ಜಾರುವ ಮೈಯಾಗುತ್ತದೆ. ಈ ಸೆಳೆತಕ್ಕೆ ಅರ್ಧ ಗಂಟೆ ಬೇಕಿಲ್ಲ, ಒಂದೆರಡು ನಿಮಿಷದಲ್ಲಿ ಬಹುಪಾಲು ಕೆಲಸ ಮುಗಿದಿರುತ್ತದೆ. ಹೆಚ್ಚು ಸವೆದ ಜಾಗಕ್ಕೆ ಹೆಚ್ಚು ಅಂಟುವುದರಿಂದ ಎಲ್ಲಿ ಬೇಕೋ ಅಲ್ಲಿಗೇ ಅದು ಹೋಗಿ ಸೇರುತ್ತದೆ.

ದಾವಣಗೆರೆ ಹರಿಹರದವರಿಗೆ ಇದರ ಮೇಲೆ ನೀರಿನ ಮಾತೊಂದಿದೆ. ದೇವರಾಜ ಅರಸು ಬಡಾವಣೆಯಂಥ ಕಡೆಗಳಲ್ಲಿ ಪಾಲಿಕೆಯ ನಲ್ಲಿಯಲ್ಲಿ ಬರುವುದು ಹೊಳೆ ನೀರು: ಹರಿಹರದ ಕಡೆಯಿಂದ ಎತ್ತಿದ ತುಂಗಭದ್ರೆ, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿಕೊಂಡದ್ದು. ನಲ್ಲಿ ಬಾರದ ದಿನ ಬಳಕೆಗೆ ಬೋರ್ ನೀರು. ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿಸುವ, ಬೇಳೆ ಬೇಗ ಬೇಯಗೊಡದ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಗಡಸುತನದ ಅಳತೆ ಲೀಟರಿಗೆ 200 ಮಿಲಿಗ್ರಾಂ; ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸೈ. ಇಂಥ ಗಡಸು ನೀರಿನಲ್ಲಿ ಮೈಸಾಬೂನಿನಿಂದ ತಲೆ ತೊಳೆದರೆ ಸಾಬೂನು ಒಡೆದು ಕೂದಲಿನ ಮೇಲೆ ಪುಡಿಯಾಗಿ ಕೂರುತ್ತದೆ. ಶಾಂಪೂವಿನಲ್ಲಿ ಆ ಕಾಟ ಕಡಿಮೆ, ಆದರೂ ಕ್ಯಾಲ್ಸಿಯಂ ಕೂದಲಿಗೆ ಹತ್ತಿ ಒರಟಾಗಿಸುವುದು ತಪ್ಪುವುದಿಲ್ಲ. ಬಡಾವಣೆಯ ಮನೆಗಳಲ್ಲಿ ಜಾರು ಕೊಡುವ ಎರಡನೆಯ ಕೆಲಸ ಬಿಟ್ಟುಹೋದರೆ ಹೆರಳು ಪೊರಕೆಯಾಗುವುದು ಇದಕ್ಕೇ. ಸಾಧ್ಯವಿದ್ದವರು ಕೊನೆಯ ಎರಡು ಚೊಂಬನ್ನಾದರೂ ಹಿಡಿದಿಟ್ಟ ನಲ್ಲಿ ನೀರಿನಿಂದ ಹೊಯ್ದುಕೊಳ್ಳುವುದು ಒಳ್ಳೆಯದು.

ಕಂಡಿಷನರ್ ಪಟ್ಟಣದ ಹೊಸ ಶೋಕಿ ಎಂದು ತಳ್ಳಿಹಾಕುವವರು ನಮ್ಮ ಹಳೆಯ ಪದ್ಧತಿಯನ್ನೇ ಸ್ವಲ್ಪ ಗಮನಿಸಲಿ. ಬಯಲುಸೀಮೆಯಲ್ಲಿ ಸೀಗೆಪುಡಿಯ ಜೊತೆ ಚಿಗರೆಪುಡಿ ಇರುತ್ತಿತ್ತು. ಮಲೆನಾಡಿನಲ್ಲಿ ದಾಸವಾಳದ ಎಲೆ, ಮತ್ತಿ ಸೊಪ್ಪು ಕಿವುಚಿ ಗೊಂಪು ಮಾಡುತ್ತಿದ್ದರು. ಎಲ್ಲ ಕಡೆಯೂ ನೆನೆಸಿ ಅರೆದ ಮೆಂತ್ಯ ಗೊತ್ತಿತ್ತು. ಸೀಗೆ, ಅಂಟುವಾಳ ಜಿಡ್ಡು ತೆಗೆಯುವ ನೊರೆಯವು. ದಾಸವಾಳ, ಮೆಂತ್ಯ ಜಾರು ಕೊಡುವ ಲೋಳೆಯವು. ಲೋಳೆ ತಲೆಯಲ್ಲಿರುವಾಗಲೇ ಬೆರಳಾಡಿಸಿ ಎಳೆ ಬಿಡಿಸಿಕೊಳ್ಳಬಹುದಿತ್ತು. ಮೆಂತ್ಯದ ಲೋಳೆಯೂ ಚವಳಿಕಾಯಿ ಬೀಜದ ಗೋಂದೂ ರಸಾಯನದಲ್ಲಿ ಒಂದೇ ಕುಲ. ಚವಳಿಕಾಯಿಯ ಆ ಗೋಂದಿಗೇ ಧನ ವಿದ್ಯುದಂಶ ಸೇರಿಸಿ ಇವತ್ತಿನ ಎಷ್ಟೋ ಶಾಂಪೂಗಳಲ್ಲಿ ನುಣುಪಿಗಾಗಿ ಬಳಸುತ್ತಾರೆ. ಕಡಲೂರಿನಿಂದ 1983ರಲ್ಲಿ ಹೊರಟ ಚಿಕ್ ಶಾಂಪೂ ಮತ್ತು ಅದರ ಆಚೀಚೆ ಬಂದ ಸಣ್ಣ ಪೊಟ್ಟಣಗಳು ಕಿರಾಣಿ ಅಂಗಡಿಯ ಬಾಗಿಲಿಗೆ ಮಾಲೆಯಾಗಿ ತೂಗಿದ ಮೇಲೆ ಶಾಂಪೂ ಬಡವರ ಕೈಗೂ ಎಟುಕಿತು. ಕುಟ್ಟುವ, ಸೋಸುವ ಶ್ರಮ ತಪ್ಪಿದ್ದು ಹೆಂಗಸರಿಗೆ ದೊಡ್ಡ ಉಪಕಾರ. ಅದನ್ನು ಹಳಿಯುವ ಮಾತೇ ಇಲ್ಲ. ಆದರೆ ಪೊಟ್ಟಣ ಸೀಗೆಯ ಜಾಗಕ್ಕೆ ಬಂತು, ಲೋಳೆಯ ಜಾಗ ಖಾಲಿಯೇ ಉಳಿಯಿತು.

ಆ ಜಾಗ ತುಂಬುವುದು ಹೀಗೆ. ನೀರು ಹೊಯ್ಯುವ ಮೊದಲು ಒಣಗೂದಲಿನಲ್ಲಿ ದೊಡ್ಡ ಗಂಟುಗಳನ್ನು ಬೆರಳಿನಿಂದ ಬಿಡಿಸಿಕೊಳ್ಳಬೇಕು; ಗಂಟಿನ ಸಮೇತ ತೊಳೆದರೆ ಅದು ಬಿಗಿಯುತ್ತದೆ. ಶಾಂಪೂ ನೆತ್ತಿಗೆ ಮಾತ್ರ. ಹೆರಳನ್ನೆಲ್ಲ ನೆತ್ತಿಗೆ ಸುತ್ತಿ ಬಟ್ಟೆಯಂತೆ ಉಜ್ಜುವ ಅಭ್ಯಾಸ ಅರ್ಧ ಸಿಕ್ಕಿಗೆ ಕಾರಣ. ಇಳಿದು ಬರುವ ನೊರೆಯೇ ಉದ್ದಕ್ಕೆ ಸಾಕು. ಆಮೇಲೆ ನೀರು ಸೋರುವಷ್ಟು ಹಿಂಡಿ, ಕಿವಿಯ ಕೆಳಗಿನಿಂದ ತುದಿಯವರೆಗೆ ಕಂಡಿಷನರ್ ಹಚ್ಚಿ, ಕೂದಲನ್ನು ಎರಡು ಪಾಲು ಮಾಡಿ ಮುಂದಕ್ಕೆ ಹಾಕಿಕೊಂಡು ತುದಿಯಿಂದ ಶುರುಮಾಡಬೇಕು. ತುದಿ ಸಡಿಲವಾದ ಮೇಲೆ ಒಂದು ಗೇಣು ಮೇಲೆ, ಮತ್ತೆ ಒಂದು ಗೇಣು ಮೇಲೆ. ಬುಡದಿಂದ ಎಳೆದರೆ ದಾರಿಯ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಒತ್ತಿಕೊಂಡು ಒಂದೇ ದೊಡ್ಡ ಗಂಟಾಗುತ್ತವೆ. ಬೆರಳೇ ಸಾಕು, ಗುಂಗುರು ಕೂದಲಿನವರಿಗೆ ಬೇಕಾದರೆ ಅಗಲ ಹಲ್ಲಿನ ಹಣಿಗೆ. ಇಷ್ಟಾಗುವಷ್ಟರಲ್ಲಿ ಕಂಡಿಷನರ್ ಅಂಟಬೇಕಾದಷ್ಟು ಅಂಟಿರುತ್ತದೆ. ತೊಳೆದು, ಟವೆಲಿನಿಂದ ತಿಕ್ಕದೆ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಒತ್ತಿದರಾಯಿತು.

ಹಸಿಗೂದಲು ಬಾಚಬಾರದು ಎಂದು ಹಿರಿಯರು ಹೇಳುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಹಿರಿಯರ ಮಾತು ನಿಜ. ನೇರ ಕೂದಲಿನವರು ಸ್ವಲ್ಪ ಆರಿದ ಮೇಲೆ ಬಾಚಲಿ ಎಂದೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿಯೂ ಹೇಳುತ್ತದೆ, ಗುಂಗುರು ಕೂದಲಿನವರಿಗೆ ಮಾತ್ರ ತೇವವಿರುವಾಗ ಅಗಲ ಹಲ್ಲಿನ ಹಣಿಗೆ ಎನ್ನುತ್ತದೆ. ಕೂದಲು ಹಸಿಯಾಗಿದ್ದು ಜಾರೂ ಇಲ್ಲದಾಗ ಎಳೆಯುವುದು ಅಪಾಯ. ಅದಕ್ಕೇ ನೇರ ಕೂದಲಿನವರಿಗೆ ಕಂಡಿಷನರ್ ಇರುವಾಗ ಬೆರಳು, ಆರಿದ ಮೇಲೆ ಹಣಿಗೆ. ಎಣ್ಣೆ ಹಚ್ಚುತ್ತೇವೆ, ಮತ್ತೆ ಇದೇಕೆ ಎನ್ನುವುದು ಇದಕ್ಕಿಂತ ತೂಕದ ಪ್ರಶ್ನೆ. ರೇಲೆ ಮತ್ತು ಮೊಹಿಲೆ ಎಂಬ ನಮ್ಮ ದೇಶದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸುವುದು ಕಂಡಿತು; ಖನಿಜ ತೈಲ, ಸೂರ್ಯಕಾಂತಿ ಎಣ್ಣೆಗೆ ಆ ಗುಣ ಕಾಣಲಿಲ್ಲ. ಹಾಗಾಗಿ ಎರೆದುಕೊಳ್ಳುವ ಮೊದಲು ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಡುವುದು ಬೇಡ. ಆದರೆ ಅದು ಕಾಯುವುದು ಒಳಗಿನಿಂದ. ಮೇಲಿನ ಜಿಡ್ಡನ್ನು ಶಾಂಪೂ ತೊಳೆದುಬಿಡುವುದರಿಂದ ಸಿಕ್ಕು ಬೀಳುವ ಹೊತ್ತಿಗೆ ಮೈಮೇಲೆ ಎಣ್ಣೆ ಇರುವುದಿಲ್ಲ. ಇನ್ನು ಕಂಡಿಷನರಿನಿಂದ ಕೂದಲು ಉದುರುತ್ತದೆಂಬ ಭಯ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಳಿನೊಳಗೇ ಸಿಕ್ಕಿಕೊಂಡಿದ್ದ ಮೂರ್ನಾಲ್ಕು ದಿನದ ಕೂದಲು ಜಾರು ಸಿಕ್ಕಾಗ ಒಮ್ಮೆಗೇ ಕೈಗೆ ಬರುತ್ತದೆ. ಬುಡದಲ್ಲಿ ಬಿಳಿ ಚುಕ್ಕೆಯಿದ್ದರೆ ಅದು ತಾನಾಗಿ ಉದುರಿದ್ದು, ಚುಕ್ಕೆಯಿಲ್ಲದ ತುಂಡು ಕೂದಲು ಹೆಚ್ಚಿದ್ದರೆ ಎಳೆದಾಟ ಹೆಚ್ಚಾಗಿದೆ ಎಂದರ್ಥ. ದುಡ್ಡು, ನೀರು ಉಳಿಸಬೇಕಾದವರು ಮೆಂತ್ಯದ ಲೋಳೆ ಸೋಸಿ ಬಳಸಬಹುದು. ಸೋಸದಿದ್ದರೆ ತರಿ ಕೂತು ತೊಳೆಯುವ ನೀರೇ ಎರಡು ಪಟ್ಟಾಗುತ್ತದೆ.

ಸಿಕ್ಕನ್ನು ಬಿಡಿಸದೆ ಬಿಟ್ಟಾಗ ಏನಾಗುತ್ತದೆ ಎಂಬುದು ನಮ್ಮ ಸೀಮೆಯಲ್ಲಿ ಸಣ್ಣ ಮಾತಲ್ಲ. ಗಂಟಿನೊಳಗೆ ಗಂಟು ಬಿದ್ದು, ಎಣ್ಣೆ, ಧೂಳು, ಬೆವರು ಸೇರಿ ಕೂದಲು ಹಗ್ಗದಂತೆ ಹೆಪ್ಪುಗಟ್ಟುತ್ತದೆ. ಅದನ್ನು ಜಡೆ ಬಂತು, ಎಲ್ಲಮ್ಮ ಬಂದಳು ಎನ್ನುತ್ತಾರೆ. ಸವದತ್ತಿಯ ಗುಡ್ಡದಲ್ಲಿ, ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗದಲ್ಲಿ ಹೀಗೆ ಜಡೆಗಟ್ಟಿದ ಹುಡುಗಿಯರನ್ನು ದೇವಿಗೆ ಬಿಟ್ಟ ಕಾಲವಿತ್ತು. ಅದನ್ನು ತಡೆಯಲೆಂದೇ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರಬೇಕಾಯಿತು. ದೇವಿಯ ಮೇಲಿನ ಭಕ್ತಿಗೂ ಕೂದಲ ಗಂಟಿಗೂ ಸಂಬಂಧವಿಲ್ಲ. ಇದೇ ಜಡೆ ಪೋಲೆಂಡಿನ ಹಳ್ಳಿಗಳಲ್ಲೂ ಇತ್ತು, ಕತ್ತರಿಸಿದರೆ ರೋಗ ಮೈಮೇಲೆ ಬರುತ್ತದೆಂಬ ಭಯವೂ ಇತ್ತು. ಅದು ಆರೈಕೆಯಿಲ್ಲದ ಕೂದಲಿನ ಗಂಟಷ್ಟೇ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೂವ್ ನಗರದ ವೈದ್ಯ ಯೋಸೆಫ್ ದಿಯೆತ್ಲ್ ಜನರಿಗೆ ತಿಳಿಹೇಳಿದರು. ಬಾಣಂತಿಯರು, ಬಹುಕಾಲ ಹಾಸಿಗೆ ಹಿಡಿದವರು, ಮನಸ್ಸು ಕುಗ್ಗಿ ತಲೆ ಬಾಚುವುದನ್ನೇ ಬಿಟ್ಟವರು, ಇಂಥವರಲ್ಲಿ ಜಡೆ ಶುರುವಾಗುವುದನ್ನು ಮನೆಯವರು ಮೊದಲ ವಾರದಲ್ಲೇ ಗುರುತಿಸಿದರೆ, ಧಾರಾಳವಾಗಿ ಕಂಡಿಷನರ್ ಹಚ್ಚಿ ಗಂಟಿನ ಅಂಚಿನಿಂದ ಒಂದೊಂದೇ ಎಳೆ ಬಿಡಿಸಿ ಉಳಿಸಿಕೊಳ್ಳಬಹುದು. ಒಂದೇ ದಿನಕ್ಕೆ ಆಗದಿದ್ದರೆ ನಾಳೆ ಮುಂದುವರಿಸಬಹುದು. ಗಟ್ಟಿಯಾಗಿ ಹೋದದ್ದಕ್ಕೆ ಕತ್ತರಿಯೇ ದಾರಿ. ಕತ್ತರಿಸಿದರೆ ರಕ್ತ ಬರುವುದಿಲ್ಲ, ನೋವಾಗುವುದಿಲ್ಲ. ಗಂಟಿನ ಕೆಳಗೆ ಹೇನು, ಹುಣ್ಣು, ಕೆಟ್ಟ ವಾಸನೆ ಇದ್ದರೆ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ, ಮತ್ತು ಹೋಗುವಾಗ ಅವರ ತಲೆಗೆ ಸೆರಗು ಮುಚ್ಚಿಸಿ ನಾಚಿಕೆಪಡಿಸಬೇಡಿ.