ಗಾಲಿ ಕೂಗಿದಾಗ

ಮಳೆಗಾಲ ಕಳೆದು ಕಾಫಿ ಕುಯ್ಲು ಹತ್ತಿರವಾಗುವ ಹೊತ್ತಿಗೆ ಸಕಲೇಶಪುರ, ಆಲೂರು ಕಡೆಯ ರಿಪೇರಿ ಅಂಗಡಿಗಳಲ್ಲಿ ಒಂದು ದೂರು ಪದೇ ಪದೇ ಕೇಳಿಬರುತ್ತದೆ: "ಮುಂದಿನ ಗಾಲಿಯಲ್ಲಿ ಗೊಂಯ್ ಎಂದು ಸದ್ದು, ಏನು ನೋಡಿ." ಮೇಸ್ತ್ರಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಗಾಲಿಯನ್ನು ಒಂದು ಸುತ್ತು ತಿರುಗಿಸಿ, "ಬೇರಿಂಗು ಹೋಗಿದೆ" ಎನ್ನುತ್ತಾನೆ. ನಾವು ಹಣ ತೆತ್ತು ಹೊಸದನ್ನು ಹಾಕಿಸಿಕೊಂಡು ಬರುತ್ತೇವೆ. ಬೇರಿಂಗು ಎಂದರೇನು, ಅದು ಏಕೆ ಹೋಯಿತು, ಮುಂದಿನ ವರ್ಷ ಹೋಗದಂತೆ ಏನು ಮಾಡಬಹುದು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗಳನ್ನು ಇಂದು ಒಂದೊಂದಾಗಿ ಕೇಳಿಕೊಳ್ಳೋಣ.

ಮೊದಲು ನಮ್ಮ ಹಿರಿಯರ ಎತ್ತಿನ ಗಾಡಿಯನ್ನು ನೆನೆಯಿರಿ. ಅದರ ಅಚ್ಚು ತಿರುಗುವುದಿಲ್ಲ. ಅಚ್ಚಿನ ಮೇಲೆ ಗಾಲಿಯ ಗುಂಬ ಉಜ್ಜಿಕೊಂಡು ತಿರುಗುತ್ತದೆ. ಉಜ್ಜಿದರೆ ಸವೆತ, ಸವೆದರೆ ಬಿಸಿ. ಅದಕ್ಕಾಗಿ ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿಯನ್ನು ಬೆರೆಸಿ ಕೀಲೆಣ್ಣೆ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ಕಟ್ಟಿಕೊಂಡು ಹೋಗುತ್ತಿದ್ದರು. ಕೀಲೆಣ್ಣೆ ಕಾಣದ ಗಾಡಿ ಬರುವುದು ಅರ್ಧ ಮೈಲಿ ದೂರದಿಂದಲೇ ತಿಳಿಯುತ್ತಿತ್ತು.

ಇನ್ನೊಂದು ದೃಶ್ಯವೂ ಮಲೆನಾಡಿನವರಿಗೆ ಹೊಸದಲ್ಲ. ಭಾರವಾದ ಮರದ ದಿಮ್ಮಿಯನ್ನು ನೆಲದ ಮೇಲೆ ಎಳೆಯುವುದು ಕಷ್ಟ. ಅದರ ಕೆಳಗೆ ದುಂಡನೆಯ ನಾಲ್ಕು ತುಂಡುಗಳನ್ನು ಇಟ್ಟರೆ ಸುಲಭವಾಗಿ ಉರುಳುತ್ತದೆ. ಉಜ್ಜುವುದಕ್ಕಿಂತ ಉರುಳುವುದು ಹಗುರ. ಬೇರಿಂಗಿನ ಗುಟ್ಟೆಲ್ಲ ಇಷ್ಟೇ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಬಳೆ, ನಡುವೆ ಉಕ್ಕಿನ ಗುಂಡುಗಳು ಅಥವಾ ಉರುಳೆಗಳು. ಅವು ಒಂದಕ್ಕೊಂದು ತಗುಲದಂತೆ ಒಂದು ಪಂಜರ. ಅವುಗಳ ನಡುವೆ ಕೀಲೆಣ್ಣೆಯ ಸ್ಥಾನದಲ್ಲಿ ಗ್ರೀಸು.

ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸಲು 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತ ಪೇಟೆಂಟು ಪಡೆದ. 1869ರಲ್ಲಿ ಪ್ಯಾರಿಸಿನಿಂದ ರೂಆನ್ ನಗರದವರೆಗೆ ನಡೆದ ಸೈಕಲ್ ಪಂದ್ಯವನ್ನು ಗೆದ್ದ ಜೇಮ್ಸ್ ಮೂರನ ಸೈಕಲ್ಲಿನಲ್ಲಿ ಗುಂಡಿನ ಬೇರಿಂಗುಗಳಿದ್ದವು. ಆದರೆ ಎಲ್ಲ ಗುಂಡುಗಳೂ ಒಂದೇ ಅಳತೆಯವಾಗಿರಬೇಕಲ್ಲ! ಜರ್ಮನಿಯ ಶ್ವೈನ್‌ಫುರ್ಟಿನಲ್ಲಿ ಫ್ರೀಡ್ರಿಕ್ ಫಿಷರ್ 1883ರಲ್ಲಿ ಗುಂಡುಗಳನ್ನು ಸಮನಾಗಿ ಅರೆಯುವ ಯಂತ್ರವನ್ನು ಮಾಡಿದ ಮೇಲೆ ಅದೂ ಸಾಧ್ಯವಾಯಿತು. 1898ರಲ್ಲಿ ಅಮೆರಿಕದ ಹೆನ್ರಿ ಟಿಂಕನ್ ಒಂದು ತುದಿ ಸಣ್ಣಗಿರುವ ಉರುಳೆಗಳ ಬೇರಿಂಗಿಗೆ ಪೇಟೆಂಟು ಪಡೆದ. ಇದು ಮೇಲಿನ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ತಡೆಯುತ್ತದೆ. ನಮ್ಮ ಜೀಪು, ಲಾರಿಗಳ ಗಾಲಿಗಳಲ್ಲಿ ಇರುವುದು ಬಹುಮಟ್ಟಿಗೆ ಈ ಜಾತಿಯದೇ.

ಇನ್ನು ಮುಖ್ಯ ಪ್ರಶ್ನೆ: ಉಕ್ಕಿನ ವಸ್ತು ಏಕೆ ಕೆಡುತ್ತದೆ? ಹೆಚ್ಚು ಭಾರ ಹೇರಿದ್ದರಿಂದ ಎಂದು ಹಲವರು ಹೇಳುತ್ತಾರೆ. ಅದೂ ಒಂದು ಕಾರಣ ನಿಜ. ಆದರೆ ನಮ್ಮ ಗುಡ್ಡಗಳಲ್ಲಿ ದೊಡ್ಡ ವೈರಿ ಭಾರವಲ್ಲ, ನೀರು. ಅದು ಒಳಗೆ ಹೋಗುವ ಬಗೆಯನ್ನು ಕೇಳಿ. ತೋಟದ ಇಳಿಜಾರು ದಾರಿಯಲ್ಲಿ ಬ್ರೇಕು ಒತ್ತುತ್ತ ಇಳಿಯುತ್ತೀರಿ. ಗುಂಬ ಕಾಯುತ್ತದೆ, ಅದರೊಳಗಿನ ಗಾಳಿಯೂ ಕಾದು ಹಿಗ್ಗುತ್ತದೆ. ಕೆಳಗೆ ಹಳ್ಳ ಅಡ್ಡ ಬಂತು. ನಿಲ್ಲಿಸದೆ ನೀರಿಗೆ ಇಳಿಸಿದಿರಿ. ತಣ್ಣೀರು ತಗುಲಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ; ಕುಗ್ಗುವಾಗ ಅದು ಸೀಲಿನ ಅಂಚಿನಿಂದ ಕೆಸರು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಳೆಯೊಳಗೇ ಜೀಪು ನಿಲ್ಲಿಸಿ ತೊಳೆಯುವಾಗಲೂ ಆಗುವುದು ಇದೇ. ನೀರು ಬೆರೆತ ಗ್ರೀಸು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹಾಗಾದ ಮೇಲೆ ಅದಕ್ಕೆ ಕಾಯುವ ಶಕ್ತಿಯಿಲ್ಲ. ಗಾಡಿ ನಾಲ್ಕು ದಿನ ನಿಂತರೆ ಗುಂಡಿನ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ. ಆ ಚುಕ್ಕೆ ಕ್ರಮೇಣ ಗುಳಿಯಾಗುತ್ತದೆ, ಗುಳಿ ಸದ್ದಾಗುತ್ತದೆ.

ಉಪಾಯ ಕಷ್ಟದ್ದಲ್ಲ. ಹಳ್ಳ ದಾಟುವ ಮುನ್ನ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಗುಂಬ ಆರಲು ಬಿಡಿ. ಆಳವಾದ ನೀರಿನಲ್ಲಿ ಹಾದು ಬಂದ ಗಾಡಿಯ ಬೇರಿಂಗನ್ನು ಬಿಚ್ಚಿ ನೋಡಿಸಿ. ನೀರಿನ ಪಿಚಕಾರಿಯನ್ನು ಗುಂಬದ ನಡುವಿಗೆ ಹಿಡಿಯಬೇಡಿ.

ಕೇಳಿಬರುವ ಸದ್ದು ಬೇರಿಂಗಿನದೋ ಟೈರಿನದೋ ತಿಳಿಯುವುದು ಹೇಗೆ? ಬೇರಿಂಗಿನ ಸದ್ದು ಗಾಡಿಯ ವೇಗದ ಜೊತೆಗೆ ಏರುತ್ತದೆ, ಎಂಜಿನ್ನಿನ ಜೊತೆಗಲ್ಲ. ಸಮನಾದ ದಾರಿಯಲ್ಲಿ ಹೋಗುತ್ತಿರುವಾಗ ಕ್ಲಚ್ಚು ಒತ್ತಿ ನೋಡಿ. ಎಂಜಿನ್ ತಗ್ಗಿದರೂ ಸದ್ದು ಉಳಿದರೆ ಅದು ಗಾಲಿಯ ಕಡೆಯದು. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗನ್ನು ಶಂಕಿಸಿ. ಎಡಕ್ಕೆ ತಿರುಗುವಾಗ ಹೆಚ್ಚಿದರೆ ಬಲಗಡೆಯದನ್ನು. ಬಳಿಕ ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಗಾಲಿಯ ನೆತ್ತಿಗೊಂದು ಕೈ, ತಳಕ್ಕೊಂದು ಕೈ ಕೊಟ್ಟು ಅಲ್ಲಾಡಿಸಿ. ಗಡಗಡ ಎಂದರೆ ಬೇರಿಂಗು ಸಡಿಲವಾಗಿರಬಹುದು. ಎಡ ಬಲಕ್ಕೆ ಹಿಡಿದಾಗ ಮಾತ್ರ ಅಲ್ಲಾಡಿದರೆ ಸ್ಟಿಯರಿಂಗಿನ ಕೀಲುಗಳನ್ನು ನೋಡಿಸಬೇಕು.

ಮುಟ್ಟಿ ನೋಡಿ ತಿಳಿಯುವುದೂ ಉಂಟು. ಹತ್ತಾರು ಮೈಲಿ ಹೋದ ಮೇಲೆ ಒಂದು ಗುಂಬ ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಆದರೆ ಸಕಲೇಶಪುರದಿಂದ ಗುಂಡ್ಯಕ್ಕೆ ಘಾಟಿ ಇಳಿದು ಈ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ಬ್ರೇಕಿನಿಂದ ಅಲ್ಲಿ ಎಲ್ಲವೂ ಕಾದಿರುತ್ತವೆ. ಹಾಸನದಿಂದ ಆಲೂರಿನ ಕಡೆಗೆ ಬರುವ ದಾರಿಯಲ್ಲಿ, ಬ್ರೇಕು ಹೆಚ್ಚು ಬಳಸದೆ ಬಂದು ನೋಡುವುದು ಮೇಲು. ಅಂಗೈಯನ್ನು ಒಮ್ಮೆಗೇ ಊರಬೇಡಿ, ಹತ್ತಿರ ಹಿಡಿದರೇ ಬಿಸಿ ತಿಳಿಯುತ್ತದೆ.

ಸದ್ದು ಬಂದ ಮೇಲೆ ಎಷ್ಟು ದಿನ ಓಡಿಸಬಹುದು? ಇದೇ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ. ಇಷ್ಟು ದಿನ ಎಂದು ಪ್ರಾಮಾಣಿಕವಾಗಿ ಯಾರೂ ಹೇಳಲಾರರು. ತಿಂಗಳು ಎಳೆಯಬಹುದು, ಮರುದಿನವೇ ಮುಗಿಯಬಹುದು. ಪಂಜರ ಮುರಿದು ಗುಂಡುಗಳು ಸಿಕ್ಕಿಕೊಂಡರೆ ಗಾಲಿ ಹಿಡಿದು ನಿಲ್ಲುತ್ತದೆ. ಅಚ್ಚಿನ ತುದಿ ಕಾದು ತುಂಡಾದರೆ ಗಾಲಿಯೇ ಕಳಚುತ್ತದೆ. ಬಯಲು ಸೀಮೆಯಲ್ಲಿ ಹಾಗಾದರೆ ಗಾಡಿ ಹೊಲಕ್ಕೆ ಇಳಿದೀತು. ಶಿರಾಡಿ ಘಾಟಿಯಲ್ಲಿ, ಬಿಸಿಲೆಯ ತಿರುವುಗಳಲ್ಲಿ ಪಕ್ಕದಲ್ಲಿರುವುದು ಹೊಲವಲ್ಲ. ಗಾಡಿಯಲ್ಲಿ ಕುಳಿತವರು ನಮ್ಮ ಮನೆಯವರೋ, ಕೆಲಸಕ್ಕೆ ಬಂದ ಆಳುಗಳೋ ಆಗಿರುತ್ತಾರೆ. ಸದ್ದು ಕೇಳಿಯೂ ಓಡಿಸುವ ತೀರ್ಮಾನದಲ್ಲಿ ಅವರ ಮಾತಿಗೆ ಎಡೆಯಿರುವುದಿಲ್ಲ.

ಈ ವಿಷಯದಲ್ಲಿ ರೈಲಿನವರ ಶಿಸ್ತನ್ನು ನೋಡಿ ಕಲಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ದಾರಿ 1979ರಲ್ಲಿ ಮೀಟರ್ ಗೇಜಾಗಿ ತೆರೆಯಿತು, ಈಗ ಬ್ರಾಡ್ ಗೇಜಾಗಿದೆ. ಸುಮಾರು 55 ಕಿಲೋಮೀಟರ್ ಉದ್ದ, 57 ಸುರಂಗಗಳು. 50 ಅಡಿ ಸಾಗಿದರೆ 1 ಅಡಿ ಇಳಿತ. ರೈಲು ಹಾದು ಹೋಗುವಾಗ ನಿಲ್ದಾಣದ ಸಿಬ್ಬಂದಿ ನಿಂತು ನೋಡುವುದನ್ನು ನೀವು ಕಂಡಿರಬಹುದು. ಹಸಿರು ಬಾವುಟ ತೋರುವುದಷ್ಟೇ ಅವರ ಕೆಲಸವಲ್ಲ. ಯಾವುದಾದರೂ ಅಚ್ಚು ಕಾದು ಹೊಗೆಯಾಡುತ್ತಿದೆಯೇ, ಯಾವುದಾದರೂ ಗಾಲಿ ಕೂಗುತ್ತಿದೆಯೇ ಎಂಬುದನ್ನೂ ಗಮನಿಸುತ್ತಾರೆ. ಕಂಡರೆ ರೈಲನ್ನು ನಿಲ್ಲಿಸಬೇಕು. "ಮುಂದಿನ ವಾರ ನೋಡೋಣ" ಎನ್ನುವಂತಿಲ್ಲ.

ಗ್ರೀಸು ಎಷ್ಟು ತುಂಬಬೇಕು? ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ಉರುಳೆಗಳ ಸಂದಿಗಳಿಗೆ ಚೆನ್ನಾಗಿ ಒತ್ತಿ ತುಂಬಬೇಕು. ಗುಂಬದ ಖಾಲಿ ಜಾಗದಲ್ಲಿ ಮೂರರಲ್ಲೊಂದು ಪಾಲು, ಹೆಚ್ಚೆಂದರೆ ಅರ್ಧ ಸಾಕು. ಪೂರ್ತಿ ತುರುಕಿದರೆ ಗ್ರೀಸೇ ಕಡೆದು ಕಡೆದು ಕಾಯುತ್ತದೆ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯದನ್ನು ಬಳಿಯಬೇಡಿ. ಕೆಲವು ಬೆರೆತರೆ ನೀರಾಗಿ ಹರಿದುಹೋಗುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸದನ್ನು ಹಾಕಿ. ಸೀಲನ್ನೂ ಹೊಸದಾಗಿ ಹಾಕಿಸಿ. ಈಚಿನ ಕಾರುಗಳಲ್ಲಿ ಹಲವಕ್ಕೆ ಈ ಕೆಲಸವಿಲ್ಲ: ಅವುಗಳ ಬೇರಿಂಗು ಮುಚ್ಚಿದ ಡಬ್ಬಿಯಂತೆ, ಕೆಟ್ಟರೆ ಇಡಿಯಾಗಿ ಬದಲಿಸಬೇಕು.

ಹಾಕಿಸುವಾಗ ಒಂದು ಎಚ್ಚರಿಕೆ. ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದನ್ನು ಕಂಡರೆ ಬೇಡವೆನ್ನಿ. ಪೆಟ್ಟು ಗುಂಡುಗಳ ಮೂಲಕ ಹಾದು ಬಳೆಯ ಮೇಲೆ ಗುಳಿ ಬೀಳಿಸುತ್ತದೆ. ಹೊಸ ಬೇರಿಂಗು ಅಂದೇ ಹಳತಾಗುತ್ತದೆ. ಒತ್ತು ಯಂತ್ರದಿಂದ, ಬಿಗಿಯಾಗಿ ಕೂರುವ ಬಳೆಯನ್ನು ಮಾತ್ರ ಒತ್ತಬೇಕು. ಉರುಳೆಯ ಬೇರಿಂಗಾದರೆ ಒಳಭಾಗ, ಹೊರಬಳೆ ಎರಡನ್ನೂ ಜೊತೆಯಾಗಿಯೇ ಬದಲಿಸಿ.

ಕೊನೆಗೆ ಮಕ್ಕಳ ವಿಷಯ. ರಿಪೇರಿ ಅಂಗಡಿಯ ಹಳೆಯ ಬೇರಿಂಗುಗಳನ್ನು ಹಲಗೆಗೆ ಜೋಡಿಸಿ ಗಾಡಿ ಮಾಡಿ, ಇಳಿಜಾರಿನಲ್ಲಿ ಗರಗರ ಬಿಡುವ ಆಟ ನಮ್ಮ ಊರುಗಳಲ್ಲಿ ಹಳೆಯದು. ಇಂದಿನ ಪೇಟೆಯ ಮಕ್ಕಳು ಕೇಳುವ ಸ್ಕೇಟ್‌ಬೋರ್ಡು ಅದರ ತಮ್ಮನೇ ಸರಿ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ಸಿಕ್ಕಿತು. ಅದರ ನಾಲ್ಕು ಗಾಲಿಗಳಲ್ಲಿ ತಲಾ ಎರಡರಂತೆ ಎಂಟು ಬೇರಿಂಗುಗಳು. ಅವುಗಳ ಅಳತೆಯ ಹೆಸರು 608: ಒಳರಂಧ್ರ 8 ಮಿಲಿಮೀಟರ್, ಹೊರ ಅಡ್ಡಳತೆ 22, ದಪ್ಪ 7. ಪೊಟ್ಟಣದ ಮೇಲೆ ಎಬೆಕ್ 3, 5, 7 ಎಂದು ಬರೆದಿರುತ್ತದೆ. ಸಂಖ್ಯೆ ದೊಡ್ಡದಾದರೆ ವೇಗ ಹೆಚ್ಚೆಂದು ಮಕ್ಕಳು ಹಟ ಹಿಡಿಯುತ್ತಾರೆ. ಆ ಸಂಖ್ಯೆ ಹೇಳುವುದು ಅಳತೆಯ ನಿಖರತೆಯನ್ನು ಮಾತ್ರ. ಉಕ್ಕಿನ ಗುಣವನ್ನಾಗಲಿ ಗ್ರೀಸಿನ ಗುಣವನ್ನಾಗಲಿ ಅಲ್ಲ. ಮಳೆಯಲ್ಲಿ ನೆನೆದ ಎಬೆಕ್ 7ಕ್ಕಿಂತ ಒಣಗಿಸಿ ಎರಡು ಹನಿ ಎಣ್ಣೆ ಬಿಟ್ಟ ಎಬೆಕ್ 3 ಚೆನ್ನಾಗಿ ಓಡುತ್ತದೆ. ಆದರೆ ಎರಡಕ್ಕೂ ಬ್ರೇಕಿಲ್ಲ. ಹಲಗೆಯ ಗಾಡಿಯಾಗಲಿ ಸ್ಕೇಟ್‌ಬೋರ್ಡಾಗಲಿ, ಲಾರಿ ಓಡುವ ಇಳಿಜಾರಿಗೆ ಅವುಗಳನ್ನು ಬಿಡಬೇಡಿ. ಶಾಲೆಯ ಅಂಗಳ, ಕಾಫಿ ಒಣಗಿಸುವ ಖಾಲಿ ಕಣ ಆಟಕ್ಕೆ ಸಾಕು.

ಜೀಪಾಗಲಿ ಕಾರಾಗಲಿ, ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನಾಲ್ಕು ಗಾಲಿಗಳನ್ನೂ ಎತ್ತಿಸಿ, ತಿರುಗಿಸಿ, ಅಲ್ಲಾಡಿಸಿ ನೋಡಿ. ಅರ್ಧ ದಿನದ ಕೆಲಸ. ನಡುವೆ ಎಂದಾದರೂ ಗಾಲಿ ಕೂಗಿದರೆ ರೇಡಿಯೋದ ಧ್ವನಿಯನ್ನು ಏರಿಸಿ ಅದನ್ನು ಮುಚ್ಚಬೇಡಿ. ರೇಡಿಯೋ ನಿಲ್ಲಿಸಿ, ಗಾಲಿಗೆ ಕಿವಿಗೊಡಿ. ಘಾಟಿ ಇಳಿಯುವುದು ಆಮೇಲಾಗಲಿ.